ಓರೆ ಎತ್ತರ ಎಲ್ಲಿದೆ, ಮುಟ್ಟಿ ತೋರಿಸು

ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಲು ಕೂತಾಗ ಪ್ರತಿವರ್ಷ ಒಂದೇ ತಪ್ಪು ಎದುರಾಗುತ್ತದೆ. ಚೌಕ ಪಾದದ ಪಿರಮಿಡ್. ಪಾದದ ಅಂಚು 10 ಸೆಂ.ಮೀ., ತುದಿಯಿಂದ ಪಾದದ ಮೂಲೆಗೆ ಇಳಿಯುವ ಪಾರ್ಶ್ವದ ಅಂಚು 13 ಸೆಂ.ಮೀ. ಎತ್ತರ ಎಷ್ಟು? ಹೆಚ್ಚಿನ ಮಕ್ಕಳು 13ರ ವರ್ಗದಿಂದ 5ರ ವರ್ಗ ಕಳೆದು, 144ರ ವರ್ಗಮೂಲ ತೆಗೆದು, 12 ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು ಮುಗಿಸುತ್ತಾರೆ. ಕಳೆದದ್ದು ಸರಿ, ವರ್ಗಮೂಲ ಸರಿ, ಅಕ್ಷರವೂ ದುಂಡಗೆ. ಆದರೆ ಅವರು ಕಂಡುಹಿಡಿದದ್ದು ಓರೆ ಎತ್ತರವನ್ನು, ಅಂದರೆ ತುದಿಯಿಂದ ಪಾದದ ಅಂಚಿನ ಮಧ್ಯಕ್ಕೆ ಮುಖದ ಮೇಲೆ ಇಳಿಯುವ ಉದ್ದವನ್ನು. ಎತ್ತರ ಬೇಕಿದ್ದರೆ 144ರಿಂದ ಮತ್ತೊಮ್ಮೆ 25 ಕಳೆದು 119ರ ವರ್ಗಮೂಲ ತೆಗೆಯಬೇಕಿತ್ತು. ಅದು 10.9ರ ಆಸುಪಾಸು.

ಈ ಮಕ್ಕಳಿಗೆ ಪೈಥಾಗರಸ್ ಪ್ರಮೇಯ ಬಾಯಿಪಾಠ. 5, 12, 13 ಎಂದರೆ ನಿದ್ದೆಯಲ್ಲೂ ಲಂಬಕೋನ ತ್ರಿಕೋನ ಎನ್ನುತ್ತಾರೆ. ಆ ತ್ರಿಕೋನ ಪಿರಮಿಡ್ಡಿನ ಯಾವ ಜಾಗದಲ್ಲಿ ನಿಂತಿದೆ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ಹೊರಗಿನ ಮುಖದ ಮೇಲೆ ಒರಗಿದೆಯೋ, ಹೊಟ್ಟೆಯೊಳಗೆ ನೆಟ್ಟಗೆ ನಿಂತಿದೆಯೋ? ಓರೆ ಎತ್ತರ 13 ಕೊಟ್ಟಿದ್ದರೆ ಎತ್ತರ 12 ಆಗುತ್ತಿತ್ತು. ಪಾರ್ಶ್ವದ ಅಂಚು 13 ಕೊಟ್ಟರೆ 12 ಆಗುವುದು ಓರೆ ಎತ್ತರ. ಅಂಕಿಗಳು ಅವೇ, ಜಾಗ ಬೇರೆ.

ಇಷ್ಟು ಹೇಳಿದರೆ ಸಾಕು, ಸಹೋದ್ಯೋಗಿಗಳು ಕೂಡಲೇ ಹೇಳುತ್ತಾರೆ: "ಮಾಡೆಲ್ ಉಂಟಲ್ಲ ಟೀಚರೇ, ನಾವು ಕ್ಲಾಸಿನಲ್ಲಿ ತೋರಿಸಿದ್ದೇವೆ."

ತೋರಿಸಿದ್ದೀರಿ. ನನ್ನ ಜಗಳ ಇರುವುದೇ ಆ ಶಬ್ದದ ಜೊತೆ.

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಗಣಿತ ಕಲಿಸುತ್ತ ನಾನು 20 ವರ್ಷ ದಾಟಿದ್ದೇನೆ. ಬದಿಯಡ್ಕದ ಕಡೆ, ಪೆರ್ಲದ ಕಡೆ, ಕುಂಬಳೆಯ ಕಡೆ ಎಲ್ಲಿಗೆ ಹೋದರೂ ಗಾಜಿನ ಬಾಗಿಲಿನ ಒಂದು ಕಪಾಟು ಕಾಣುತ್ತದೆ. ಒಳಗೆ ಥರ್ಮಕೋಲಿನ ಪಿರಮಿಡ್, ಬಣ್ಣದ ಕಾಗದ ಅಂಟಿಸಿದ ಶಂಕು, ಸಿಲಿಂಡರ್, ಅರ್ಧಗೋಳ. ಕೇರಳದ ಶಾಲೆಗಳ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವದ ಗಣಿತ ಮೇಳಕ್ಕೆಂದು ಯಾವುದೋ ವರ್ಷ ಮಾಡಿದ ಸ್ಟಿಲ್ ಮಾಡೆಲ್, ವರ್ಕಿಂಗ್ ಮಾಡೆಲ್‌ಗಳು. ಉಪಜಿಲ್ಲಾ ಮಟ್ಟದಲ್ಲಿ ಎ ಗ್ರೇಡ್ ಬಂದದ್ದಕ್ಕೆ ಚೀಟಿ. ಕಪಾಟಿಗೆ ಬೀಗ. ಕೀಲಿಕೈ ಆಫೀಸಿನಲ್ಲಿ. ಮಳೆಗಾಲ ಮುಗಿದಾಗ ಒಮ್ಮೆ ತೆರೆದು ಬೂಸ್ಟು ಒರೆಸುವುದುಂಟು.

ಮೇಳದ ಬಗ್ಗೆ ನನಗೆ ತಕರಾರಿಲ್ಲ. ನಾನೇ ಎಷ್ಟೋ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಅಪ್ಲೈಡ್ ಕನ್‌ಸ್ಟ್ರಕ್ಷನ್‌ಗೆ ಕೂತ ಮಗು ಕೈವಾರ ಹಿಡಿದು ಉಸಿರು ಬಿಗಿಹಿಡಿಯುವುದನ್ನು ನೋಡುವುದು ಈ ಕೆಲಸದಲ್ಲಿ ನನಗೆ ಸಿಕ್ಕಿರುವ ದೊಡ್ಡ ಸಂತೋಷಗಳಲ್ಲಿ ಒಂದು. ಆದರೆ ಮೇಳಕ್ಕೆ ಮಾಡಿದ ಮಾದರಿಯೇ ಪಾಠಕ್ಕೂ ಸಾಕು ಎಂದು ನಾವು ನಂಬಿಕೊಂಡಿದ್ದೇವೆ. ಅಕ್ಟೋಬರ್ ಹತ್ತಿರ ಬಂದರೆ ತಾಯಂದಿರು ಫೋನ್ ಮಾಡುತ್ತಾರೆ: "ಟೀಚರೇ, ಪ್ರೈಜ್ ಬರುವಂಥ ಒಂದು ಮಾಡೆಲ್ ಹೇಳಿ. ಇವನ ಮಾವ ಒಳ್ಳೆ ಮಾಡಿ ಕೊಡ್ತಾರೆ." ಮಾವ ಮಾಡಿದರೆ ಕಲಿಯುವುದು ಮಾವ. ಫೋನಿನಲ್ಲಿ ಅಷ್ಟು ಖಡಾಖಂಡಿತವಾಗಿ ಹೇಳಲಾಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ಆ ಥರ್ಮಕೋಲಿನ ಪಿರಮಿಡ್ಡನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಡಿ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಅದು ಹೇಗೆ ಕಾಣುತ್ತದೆ? ಒಂದು ತ್ರಿಕೋನದ ಹಾಗೆ. ಸ್ವಲ್ಪ ತಿರುಗಿಸಿದರೆ ಎರಡು ತ್ರಿಕೋನ ಅಂಟಿಸಿದ ಹಾಗೆ. ಅದು ಹಲಗೆಯ ಮೇಲಿನ ಚಿತ್ರಕ್ಕಿಂತ ಹೆಚ್ಚಿನದೇನನ್ನೂ ಕೊಡಲಿಲ್ಲ. ಸರಿ, ಅವನ ಕೈಗೇ ಕೊಟ್ಟೆವು ಎಂದುಕೊಳ್ಳೋಣ. ಅವನ ಬೆರಳಿಗೆ ಎಂತ ಸಿಗುತ್ತದೆ? ಪಾದದ ನಾಲ್ಕು ಅಂಚು, ಪಾರ್ಶ್ವದ ನಾಲ್ಕು ಅಂಚು, ಒಂದು ಚೂಪು ತುದಿ. ಓರೆ ಎತ್ತರ ಸಿಗುತ್ತದೆಯೇ? ಅದು ತ್ರಿಕೋನ ಮುಖದ ನಟ್ಟನಡುವೆ, ತುದಿಯಿಂದ ಪಾದದ ಅಂಚಿನ ಮಧ್ಯಕ್ಕೆ ಇಳಿಯುವ ಗೆರೆ. ಆದರೆ ಮುಖದ ಮೇಲೆ ಅಲ್ಲಿ ಗೆರೆಯೇ ಇಲ್ಲ, ನುಣ್ಣಗಿನ ಬಣ್ಣದ ಕಾಗದ ಇದೆ. ಎತ್ತರ ಸಿಗುತ್ತದೆಯೇ? ಅದು ಥರ್ಮಕೋಲಿನ ಒಳಗೆ ಹೂತುಹೋಗಿದೆ.

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು, ಆದ್ದರಿಂದ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ. ಪಿರಮಿಡ್ಡಿನ ಲೆಕ್ಕಕ್ಕೆ ಬೇಕಾದ ಮೂರು ಉದ್ದಗಳಲ್ಲಿ ಗಟ್ಟಿ ಮಾದರಿ ತೋರಿಸುವುದು ಒಂದನ್ನು ಮಾತ್ರ, ಪಾರ್ಶ್ವದ ಅಂಚನ್ನು. ಓರೆ ಎತ್ತರ ಮುಖದ ಮೇಲೆ ಅಡಗಿದೆ, ಎತ್ತರ ಹೊಟ್ಟೆಯೊಳಗೆ ಅಡಗಿದೆ. ಮಗು ಕಣ್ಣಿಗೆ ಕಂಡ ಓರೆಯ ಗೆರೆಯನ್ನೇ ಓರೆ ಎತ್ತರ ಎಂದುಕೊಳ್ಳುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಹೆಸರೇ ಹಾಗಿದೆ: ಪಾರ್ಶ್ವದ ಅಂಚೂ ಓರೆಯಾಗಿಯೇ ನಿಂತಿದೆ, ಎತ್ತರಕ್ಕೇ ಹೋಗುತ್ತಿದೆ. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡಿ, ಬಸ್ಸಿನಲ್ಲಿ ಮಲಯಾಳ ಆಡಿ, ಪಾಠದ ಹೊತ್ತಿಗೆ ಪುಸ್ತಕದ ಕನ್ನಡಕ್ಕೆ ಬರುವವರು. ಶಬ್ದವೊಂದರಿಂದಲೇ ಆ ಗೆರೆಯನ್ನು ಹುಡುಕಿಕೊಳ್ಳಿ ಎಂದರೆ ಅವರಿಗೆ ಅನ್ಯಾಯ.

ಹಾಗಾದರೆ ಯಾವ ಮಾದರಿ? ಬೆರಳಿಗೆ ಯಾವುದು ಸಿಗಬೇಕೋ ಅದನ್ನು ಕೊಡುವ ಮಾದರಿ. ಉದ್ದಗಳ ಪಾಠವಾದರೆ ಕಡ್ಡಿಯ ಚೌಕಟ್ಟು. ಮೇಲ್ಮೈ ವಿಸ್ತೀರ್ಣವಾದರೆ ಮಡಚಿ ಬಿಚ್ಚಬಹುದಾದ ಕಾಗದ. ಘನಫಲವಾದರೆ ಒಳಗೆ ತುಂಬಬಹುದಾದ ಪಾತ್ರೆ. ಅಡ್ಡ ಸೀಳಿದರೆ ಒಳಗೆ ಏನು ಎಂದು ನೋಡಬೇಕಾದರೆ ಬಟ್ಟೆ ಸೋಪಿನ ಬಿಲ್ಲೆಯನ್ನು ಪಿರಮಿಡ್ಡಿನಂತೆ ಕೆತ್ತಿ, ನೂಲಿನಿಂದ ಕತ್ತರಿಸುವುದು. ಒಂದೇ ಪಿರಮಿಡ್ಡಿನಿಂದ ನಾಲ್ಕೂ ಕೆಲಸ ಮಾಡಿಸಲು ಹೊರಟರೆ ಒಂದೂ ಆಗುವುದಿಲ್ಲ.

ಕಡ್ಡಿಯ ಚೌಕಟ್ಟಿಗೆ ನಮ್ಮೂರಲ್ಲಿ ದುಡ್ಡು ಬೇಡ. ಹಿಡಿಸೂಡಿಯ, ಅಂದರೆ ತೆಂಗಿನಗರಿ ಪೊರಕೆಯ, ಕಡ್ಡಿ ಸಾಕು. ತುದಿಯ ಭಾಗ ಬಳುಕುತ್ತದೆ, ಆದ್ದರಿಂದ ಬುಡದ ದಪ್ಪ ಭಾಗವನ್ನಷ್ಟೇ ಕತ್ತರಿಸಿಕೊಳ್ಳಬೇಕು. ನಾಲ್ಕು ಕಡ್ಡಿ 10 ಸೆಂ.ಮೀ., ನಾಲ್ಕು ಕಡ್ಡಿ 13 ಸೆಂ.ಮೀ. ಮೂಲೆಗಳಿಗೆ ಆವೆಮಣ್ಣಿನ ಉಂಡೆ, ಅದಿಲ್ಲದಿದ್ದರೆ ಗಟ್ಟಿಯಾಗಿ ಕಲಸಿದ ಮೈದಾ. ಬೆಂಕಿಕಡ್ಡಿ ಮತ್ತು ಸೈಕಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿ ಕಟ್ಟುವ ವಿಧಾನವನ್ನು ಅರವಿಂದ ಗುಪ್ತಾ ಅವರು 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹಳ್ಳಿ ಶಾಲೆಗಳ ವಿಜ್ಞಾನ ಪಾಠಕ್ಕಾಗಿ ರೂಪಿಸಿದರು. ಟ್ಯೂಬ್ ಸಿಕ್ಕಿದರೆ ಅದೇ ಉತ್ತಮ. ಮಣ್ಣು ಒಣಗಿ ಬಿರಿಯುತ್ತದೆ, ಟ್ಯೂಬ್ ಬಿರಿಯುವುದಿಲ್ಲ.

ಕಟ್ಟಿದ ಕೂಡಲೇ ಮಕ್ಕಳ ದೂರು ಬರುತ್ತದೆ: "ಟೀಚರ್, ಇದು ನಿಲ್ಲುದಿಲ್ಲ, ವಾಲ್ತದೆ." ವಾಲಲೇಬೇಕು. ಪಾದದಲ್ಲಿರುವುದು ನಾಲ್ಕು ಕಡ್ಡಿಯ ಚೌಕ, ಅದನ್ನು ಒತ್ತಿದರೆ ಓರೆಯಾಗುತ್ತದೆ. ತ್ರಿಕೋನವಾದರೆ ಒತ್ತಿದರೂ ಅಲುಗುವುದಿಲ್ಲ. ಪಾದಕ್ಕೆ ಒಂದು ಕರ್ಣದ ಕಡ್ಡಿ ಕೊಡು ಎನ್ನುತ್ತೇನೆ. ಎಷ್ಟು ಉದ್ದದ ಕಡ್ಡಿ? ಅಲ್ಲೊಂದು ಲೆಕ್ಕ ತಾನಾಗಿ ಹುಟ್ಟಿತು: 200ರ ವರ್ಗಮೂಲ, 14.1 ಸೆಂ.ಮೀ. ಕಡ್ಡಿ ಇಟ್ಟದ್ದೇ ಪಿರಮಿಡ್ ಗಟ್ಟಿಯಾಗಿ ನಿಂತಿತು. ಇನ್ನು ತುದಿಯಿಂದ ಒಂದು ನೂಲು ಕಟ್ಟಿ, ಅದರ ಕೊನೆಗೆ ಚಿಕ್ಕ ನಟ್ಟು ಕಟ್ಟಿ ಇಳಿಬಿಡಬೇಕು. ಮೇಸ್ತ್ರಿಯ ತೂಕದ ಗುಂಡಿನ ಹಾಗೆ ಅದು ಕರ್ಣದ ನಟ್ಟನಡುವಿಗೆ ಬಂದು ನಿಲ್ಲುತ್ತದೆ. ಆ ನೂಲೇ ಎತ್ತರ. ಇನ್ನೊಂದು ನೂಲನ್ನು ತುದಿಯಿಂದ ಪಾದದ ಅಂಚಿನ ಮಧ್ಯಕ್ಕೆ ಬಿಗಿದು ಕಟ್ಟಿದರೆ ಅದು ಓರೆ ಎತ್ತರ.

ಅಳೆಯುವ ಮೊದಲು ಒಂದು ನಿಯಮ ಇದೆ, ಅದನ್ನು ನಾನು ಎಂದೂ ಸಡಿಲಿಸುವುದಿಲ್ಲ. ಪ್ರತಿ ಮಗು ತನಗೆ ಎಷ್ಟು ಅನಿಸುತ್ತದೆ ಎಂದು ನೋಟ್ ಪುಸ್ತಕದಲ್ಲಿ ಬರೆಯಬೇಕು. ಬರೆದಾದ ಮೇಲೆ ಸ್ಕೇಲು. ನೇತಾಡುವ ನೂಲಿಗೆ 12 ಎಂದು ಬರೆದವರು ಅಳೆದು 11ರ ಹತ್ತಿರ ಕಂಡಾಗ ಮುಖ ನೋಡಬೇಕು. ಮತ್ತೊಮ್ಮೆ ಅಳೆಯುತ್ತಾರೆ. ಪಕ್ಕದವನ ಸ್ಕೇಲು ತೆಗೆದುಕೊಂಡು ಅಳೆಯುತ್ತಾರೆ. ಆಮೇಲೆ ಮುಖದ ಮೇಲಿನ ನೂಲು ಅಳೆಯುತ್ತಾರೆ, ಅಲ್ಲಿ 12 ಸಿಗುತ್ತದೆ. "ಓ... ಅದು ಇಲ್ಲಿ ಉಂಟು" ಎಂದು ಒಬ್ಬ ಹುಡುಗ ತನ್ನಷ್ಟಕ್ಕೆ ಹೇಳಿಕೊಂಡದ್ದು ನನಗೆ ಈಗಲೂ ನೆನಪಿದೆ. ನಾನು ಹಲಗೆಯ ಮೇಲೆ ಹತ್ತು ಸಲ ಬರೆದರೂ ಬಾರದ "ಓ" ಅದು.

ಮಣ್ಣಿನ ಉಂಡೆಯ ದಪ್ಪದಿಂದ ಅಳತೆ ಮೂರು ನಾಲ್ಕು ಮಿಲಿಮೀಟರ್ ಆಚೀಚೆ ಆಗುತ್ತದೆ. ಅದಕ್ಕೆ ಮಗುವನ್ನು ಬಯ್ಯಬೇಡಿ, 10.9 ಬರಲೇಬೇಕೆಂದು ಕಡ್ಡಿ ಎಳೆದು ಸರಿಮಾಡಲೂ ಬೇಡಿ. 12 ಅಲ್ಲ ಎಂದು ಅವರ ಕೈಗೆ ಗೊತ್ತಾದರೆ ಆ ದಿನದ ಕೆಲಸ ಆಯಿತು. ಕಡ್ಡಿಯ ತುದಿ ಚೂಪಾಗಿರುತ್ತದೆ. 40 ಮಕ್ಕಳಿರುವ ಕೋಣೆಯಲ್ಲಿ ಕಣ್ಣಿಗೆ ತಾಗದಂತೆ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಸಿಯೇ ಕೊಡಿ.

ಈ ಚೌಕಟ್ಟನ್ನು ನಾನು ಹೀಗೆ ಕಟ್ಟಲು ಕಲಿತದ್ದು ಒಬ್ಬ ಹುಡುಗಿಯಿಂದ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಎಂಟನೆಗೆ ನಮ್ಮ ಶಾಲೆಗೆ ಬಂದಳು, ಎಲ್ಲರ ಜೊತೆ ಅದೇ ಬೆಂಚಿನಲ್ಲಿ ಕೂರುತ್ತಿದ್ದಳು. ಸ್ಪೆಷಲ್ ಎಜುಕೇಟರ್ ಬರುತ್ತಿದ್ದುದು ವಾರಕ್ಕೊಮ್ಮೆ. ರೇಖಾಗಣಿತದ ಪೀರಿಯಡ್ ಬಂದರೆ ಅವಳು ಸುಮ್ಮನೆ ಕೂತಿರುತ್ತಿದ್ದಳು. ನಾನೂ ಹಲಗೆಯ ಕಡೆ ತಿರುಗಿ "ಇದು, ಇದಕ್ಕೆ ಸಮ" ಎಂದು ಬೆರಳು ತೋರಿಸುತ್ತ ಪಾಠ ಮಾಡುತ್ತಿದ್ದೆ. ಒಂದು ದಿನ ಅವಳು ಕೇಳಿದಳು, "ಇದು ಅಂದ್ರೆ ಯಾವುದು ಟೀಚರ್?" ನಾನು ಅವತ್ತಿಡೀ ಎಷ್ಟು ಸಲ "ಇದು" ಎಂದಿದ್ದೆನೋ.

ಅವಳಿಗೆಂದು ಮೊದಲು ಥರ್ಮಕೋಲಿನ ಪಿರಮಿಡ್ಡನ್ನೇ ಕೊಟ್ಟೆ. ಎರಡು ಕೈಯಲ್ಲಿ ಹಿಡಿದು, ತುದಿ ಮುಟ್ಟಿ, ಮೂಲೆಗೆ ಬೆರಳು ಜಾರಿಸಿ, "ಓರೆ ಎತ್ತರ ಇದಾ?" ಎಂದಳು. ಅವಳ ಬೆರಳು ಪಾರ್ಶ್ವದ ಅಂಚಿನ ಮೇಲಿತ್ತು. ಕಣ್ಣು ಕಾಣುವ 35 ಮಕ್ಕಳು ಪರೀಕ್ಷೆಯಲ್ಲಿ ಮಾಡುತ್ತಿದ್ದ ತಪ್ಪು ನನ್ನ ಮುಂದೆ ಒಂದು ಬೆರಳಿನ ತುದಿಯಲ್ಲಿ ನಿಂತಿತ್ತು. ಆ ಸಂಜೆ ಮನೆಗೆ ಹೋಗಿ ಕಡ್ಡಿ ಕತ್ತರಿಸಿದೆ. ಮೂರು ಉದ್ದಗಳು ಬೆರಳಿಗೆ ಬೇರೆಬೇರೆಯಾಗಿ ಸಿಗಬೇಕೆಂದು ಎತ್ತರಕ್ಕೆ ಸಣ್ಣ ಹೊಲಿಗೆ ನೂಲು, ಓರೆ ಎತ್ತರಕ್ಕೆ ಸೆಣಬಿನ ಹುರಿ ಕಟ್ಟಿದೆ, ಪಾರ್ಶ್ವದ ಅಂಚು ಕಡ್ಡಿಯಾಗಿಯೇ ಉಳಿಯಿತು. ಮರುದಿನ ಅವಳು ತುದಿಯಿಂದ ಎರಡು ಬೆರಳನ್ನು ಒಟ್ಟಿಗೆ ಇಳಿಸಿದಳು, ಒಂದು ಹುರಿಯ ಮೇಲೆ, ಒಂದು ಕಡ್ಡಿಯ ಮೇಲೆ. ಹುರಿಯ ಬೆರಳು ಮೊದಲು ಕೆಳಗೆ ಮುಟ್ಟಿತು. "ಮೂಲೆಯದ್ದು ಉದ್ದ, ನಡುವಿನದ್ದು ಗಿಡ್ಡ. ಒಳಗಿನದ್ದು ಇನ್ನೂ ಗಿಡ್ಡ" ಎಂದಳು. ಆಮೇಲೆ ಅಷ್ಟೇ ಸಲೀಸಾಗಿ, "ಹುರಿಯಿಂದ ಮೂಲೆಗೆ 5 ಹೋಗ್ತದೆ, ನೂಲಿನಿಂದ ಹುರಿಗೂ 5 ಹೋಗ್ತದೆ" ಎಂದಳು. ಎರಡು ಲಂಬಕೋನ ತ್ರಿಕೋನಗಳನ್ನು ಅವಳು ಬಾಯಲ್ಲೇ ಬಿಡಿಸಿಟ್ಟಿದ್ದಳು.

ಅಂದಿನಿಂದ ನಾನು ಎಲ್ಲ ಮಕ್ಕಳಿಗೂ ಕಣ್ಣು ಮುಚ್ಚಿ ಮುಟ್ಟಲು ಹೇಳುತ್ತೇನೆ. ಮೊದಮೊದಲು ನಗುತ್ತಾರೆ, ಒಂದೆರಡು ನಿಮಿಷದಲ್ಲಿ ಕ್ಲಾಸು ಮೌನವಾಗುತ್ತದೆ. ಆ ಮಾದರಿ ಅವಳಿಗಾಗಿ ಮಾಡಿದ್ದು ಎಂದು ಆಮೇಲೆ ಯಾರಿಗೂ ನೆನಪಿರಲಿಲ್ಲ, ಎಲ್ಲರ ಬೆಂಚಿನ ಮೇಲೂ ಅದೇ ಇತ್ತು. ಗೋಡಂಬಿ ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಬೇರೆಬೇರೆ ತೊಂದರೆಗಳ ಜೊತೆ ಬೆಳೆಯುವ ಮಕ್ಕಳು ಇಲ್ಲಿ ನಮ್ಮ ಕ್ಲಾಸಿನಲ್ಲೇ ಇರುತ್ತಾರೆ. ಅವರಿಗೆ ಪ್ರತ್ಯೇಕ ಪಾಠ, ಉಳಿದವರಿಗೆ ಪ್ರತ್ಯೇಕ ಪಾಠ ಎಂದು ಹೊರಟರೆ 40 ನಿಮಿಷದಲ್ಲಿ ಎರಡೂ ಅರೆಬರೆಯಾಗುತ್ತದೆ. ಆ ಮಗುವಿಗೆ ಸಿಗುವಂಥ ಪಾಠವನ್ನೇ ಎಲ್ಲರಿಗೂ ಮಾಡಿದರೆ ಏನೂ ನಷ್ಟವಿಲ್ಲ ಎಂಬುದು ನನ್ನ ಅನುಭವ. ಎಲ್ಲ ಬಗೆಯ ತೊಂದರೆಗೂ ಇದು ಸಲ್ಲುತ್ತದೆ ಎಂದು ಹೇಳುವಷ್ಟು ಅನುಭವ ನನಗಿಲ್ಲ. ಕೈಯ ಸ್ನಾಯುಗಳ ಮೇಲೆ ಹಿಡಿತ ಕಡಿಮೆ ಇರುವ ಮಗುವಿಗೆ ಹಿಡಿಸೂಡಿ ಕಡ್ಡಿ ತೀರಾ ಸಪುರ. ಅಲ್ಲಿ ಸ್ಪೆಷಲ್ ಎಜುಕೇಟರ್ ಮಾತು ಕೇಳಿಯೇ ಮುಂದುವರಿಯಿರಿ.

ಅವಳಿಗೆ ನಾನು ಹೇಳಿದ ಕಥೆ ಇಂಗ್ಲೆಂಡಿನ ನಿಕೋಲಸ್ ಸಾಂಡರ್ಸನ್ ಅವರದ್ದು. ಒಂದು ವರ್ಷದ ಮಗುವಾಗಿದ್ದಾಗ ಸಿಡುಬು ಬಂದು ಅವರ ಎರಡೂ ಕಣ್ಣು ಹೋದವು. 1711ರಲ್ಲಿ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು, ಕೆಲವೇ ವರ್ಷಗಳ ಹಿಂದೆ ನ್ಯೂಟನ್ ಕೂತಿದ್ದ ಅದೇ ಪೀಠದಲ್ಲಿ. ಅವರ ಬಳಿ ಸಾಲುಸಾಲಾಗಿ ತೂತುಗಳಿದ್ದ ಒಂದು ಹಲಗೆಯಿತ್ತು. ತೂತುಗಳಿಗೆ ಗುಂಡುಸೂಜಿ ಚುಚ್ಚಿ ಲೆಕ್ಕ ಮಾಡುತ್ತಿದ್ದರು, ಸೂಜಿಯಿಂದ ಸೂಜಿಗೆ ನೂಲು ಸುತ್ತಿ ರೇಖಾಗಣಿತದ ಆಕೃತಿಗಳನ್ನು ಬೆರಳಿನಿಂದ ಓದುತ್ತಿದ್ದರು. "ಆ ಹಲಗೆ ನಮಗೂ ಮಾಡ್ಲಿಕ್ಕೆ ಆಗ್ತದಾ ಟೀಚರ್?" ಎಂದು ಕೇಳಿದಳು. ಆಗುತ್ತದೆ, ಮಾಡಿದೆವು. ಪ್ಲೈವುಡ್ಡಿನ ತುಂಡು, ಒಂದು ಪೊಟ್ಟಣ ಮೊಳೆ, ರಬ್ಬರ್ ಬ್ಯಾಂಡು. ಅದರಲ್ಲಿ ಅವಳು ಸಮಾಂತರ ಚತುರ್ಭುಜವನ್ನು ಎಳೆದು ಎಳೆದು, ಪಾದ ಮತ್ತು ಎತ್ತರ ಅಷ್ಟೇ ಇದ್ದರೆ ವಿಸ್ತೀರ್ಣ ಬದಲಾಗುವುದಿಲ್ಲವೆಂದು ಕಂಡುಕೊಂಡಳು.

ಸಮತಲದ ಚಿತ್ರಗಳಿಗೆ ಟೈಲರ್ ಅಂಗಡಿಯಲ್ಲಿ ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ ಬರುತ್ತದೆ. ರಬ್ಬರ್ ಶೀಟಿನ ಮೇಲೆ ದಪ್ಪ ಕಾಗದ ಇಟ್ಟು ಚಕ್ರ ಓಡಿಸಿದರೆ ಹಿಂಬದಿಯಲ್ಲಿ ಚುಕ್ಕಿಗಳ ಗೆರೆ ಉಬ್ಬಿ ಬರುತ್ತದೆ. ಒಂದು ಎಚ್ಚರಿಕೆ: ಉಬ್ಬು ಬರುವುದು ಹಿಂಬದಿಯಲ್ಲಾದ್ದರಿಂದ ಚಿತ್ರ ಎಡಬಲ ತಿರುಗುತ್ತದೆ. ಪುಸ್ತಕದಲ್ಲಿ ಬಲಕ್ಕಿರುವ ಲಂಬಕೋನ ಮಗುವಿನ ಕೈಯಲ್ಲಿ ಎಡಕ್ಕೆ ಬರುತ್ತದೆ. ಶಿಕ್ಷಕರು ಇದನ್ನು ಮರೆತು, ಮಗುವಿಗೆ ದಿಕ್ಕೇ ತಿಳಿಯುವುದಿಲ್ಲ ಎಂದು ತೀರ್ಮಾನಿಸಿದ್ದನ್ನು ನಾನು ಕಂಡಿದ್ದೇನೆ. ಮೊದಲೇ ತಿರುಗಿಸಿ ಬರೆದುಕೊಳ್ಳಿ.

ಮೂಲೆಯದ್ದು ಉದ್ದ, ನಡುವಿನದ್ದು ಗಿಡ್ಡ ಎಂಬ ಅವಳ ಮಾತನ್ನು ನಾನು ಮತ್ತೊಮ್ಮೆ ಕೇಳಿದ್ದು ನಮ್ಮ ಮನೆಯ ಹತ್ತಿರದ ಒಂದು ಗುಡಿಯ ಮಾಡು ಬಿಚ್ಚಿ ಕಟ್ಟುವಾಗ. ಚೌಕ ಗುಡಿ, ನಾಲ್ಕೂ ಕಡೆ ಇಳಿಜಾರಾದ ಹಂಚಿನ ಮಾಡು, ಮೇಲೆ ಒಂದೇ ತುದಿ. "ಆಚಾರ್ರೇ, ಪಕ್ಕಾಸು ಎಲ್ಲ ಒಂದೇ ಉದ್ದಕ್ಕೆ ಕೊಯ್ಯುವುದಾ?" ಎಂದು ಮರದ ಕೆಲಸದ ಆಚಾರ್ರನ್ನು ಕೇಳಿದೆ. ಪಕ್ಕಾಸು ಎಂದರೆ ಮಾಡಿನ ಭಾರ ಹೊರುವ ಓರೆ ಮರ. ಅವರು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. "ಎಂತ ಟೀಚರಮ್ಮ, ಮೂಲೆ ಪಕ್ಕಾಸು ನಡು ಪಕ್ಕಾಸಿಗಿಂತ ಉದ್ದ ಬೇಡವಾ? ನಡುವಿನ ಅಳತೆಗೆ ಮೂಲೆಯದ್ದು ಕೊಯ್ದರೆ ಮರ ಹೋಯ್ತು." ಆ ಗುಡಿಯ ಗೋಡೆ 16 ಅಡಿ, ಮಾಡಿನ ಎತ್ತರ 6 ಅಡಿ. ಸೂರಿನ ಹೊರಚಾಚು ಬಿಟ್ಟರೆ ನಡು ಪಕ್ಕಾಸು 10 ಅಡಿ ಆಗಬೇಕು, ಮೂಲೆಯದ್ದು 164ರ ವರ್ಗಮೂಲ, 12.8 ಅಡಿ. ನಾನು ಚೀಟಿಯಲ್ಲಿ ಲೆಕ್ಕ ಮಾಡಿ ಹೇಳಿದೆ. ಅವರು ಕೋಲಿನ ಮೇಲೆ ಗುರುತು ಮಾಡಿಕೊಂಡಿದ್ದನ್ನು ತೋರಿಸಿದರು, ಹನ್ನೆರಡು ಮುಕ್ಕಾಲು ಅಡಿಗೆ ಒಂದು ಕೂದಲು ಮೇಲೆ. ನೆಲದ ಮೇಲೆ ಮೂಲೆಮಟ್ಟ ಇಟ್ಟು ಗೆರೆ ಎಳೆದು ತೆಗೆದ ಅಳತೆ ಅದು. ಮರುವಾರ ಹತ್ತನೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆಚಾರ್ರು ಒಬ್ಬೊಬ್ಬರ ಕೈಗೂ ಪಕ್ಕಾಸಿನ ತುದಿ ಹಿಡಿಸಿದರು. ಅವರ ಮಗ ಅದೇ ಕ್ಲಾಸಿನಲ್ಲಿದ್ದ. ಗಣಿತ ಬಾರದವನೆಂದು ತನ್ನನ್ನು ತಾನೇ ತೀರ್ಮಾನಿಸಿಕೊಂಡಿದ್ದ ಹುಡುಗ, ಅವತ್ತು ಉಳಿದವರಿಗೆ ವಿವರಿಸಿದ್ದು ಅವನೇ.

ಮಾದರಿ ಸರಿಯಾಗಿ ಕೂಡದಿದ್ದಾಗ ನಾವು ಏನು ಮಾಡುತ್ತೇವೆ ಎಂಬುದನ್ನೂ ಹೇಳಬೇಕು, ಏಕೆಂದರೆ ಪಾಠ ಕೆಡುವುದು ಅಲ್ಲೇ. ಶಂಕುವಿನ ಘನಫಲ ಸಿಲಿಂಡರಿನ ಮೂರನೆಯ ಒಂದು ಪಾಲು ಎಂದು ತೋರಿಸಲು ಅಕ್ಕಿ ತುಂಬಿ ಸುರಿಯುವುದು ಎಲ್ಲರೂ ಮಾಡುವ ಪ್ರಯೋಗ. ಒಂದು ತರಬೇತಿಯಲ್ಲಿ ಹಾಗೆ ಮಾಡಿ ತೋರಿಸುತ್ತಿದ್ದರು. ತ್ರಿಜ್ಯ 5, ಎತ್ತರ 13 ಸೆಂ.ಮೀ.ನ ಕಾಗದದ ಸಿಲಿಂಡರ್. ಶಂಕುವಿಗೂ 13 ಬೇಕಲ್ಲ ಎಂದು 13 ಸೆಂ.ಮೀ. ತ್ರಿಜ್ಯದ ವೃತ್ತದಿಂದ ತುಂಡು ಕತ್ತರಿಸಿ ಸುತ್ತಿದ್ದರು. ಮೂರು ಶಂಕು ಕುಚ್ಚಲಕ್ಕಿ ಸುರಿದರೂ ಸಿಲಿಂಡರ್ ತುಂಬಲಿಲ್ಲ, ಮೇಲೆ ಒಂದು ಬೆರಳಗಲ ಖಾಲಿ. "ಮೂರನೆಯದನ್ನು ಸ್ವಲ್ಪ ಗೋಪುರ ಮಾಡಿ ತುಂಬಿ" ಎಂದರು ಒಬ್ಬರು. ಗೋಪುರ ಮಾಡಿದರು, ತುಂಬಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಕ್ಕಿ ಸರಿಯಾಗಿಯೇ ಹೇಳಿತ್ತು. ಕತ್ತರಿಸಿದ ತುಂಡಿನ ತ್ರಿಜ್ಯ 13 ಆದಾಗ ಅದು ಶಂಕುವಿನ ಓರೆ ಎತ್ತರವಾಯಿತು, ಎತ್ತರ 12ಕ್ಕೆ ಇಳಿಯಿತು. ಪೈ ಬಿಟ್ಟರೆ ಸಿಲಿಂಡರಿನ ಘನಫಲ 325, ಶಂಕುವಿನದ್ದು 100. 325ನ್ನು 100ರಿಂದ ಭಾಗಿಸಿದರೆ ಮೂರೂಕಾಲು. ಆ ಖಾಲಿ ಬೆರಳಗಲವೇ ಆ ಇಡೀ ತರಬೇತಿಯ ಅತ್ಯುತ್ತಮ ಪಾಠವಾಗಬಹುದಿತ್ತು. "ಏಕೆ ಮೂರು ಸಾಲಲಿಲ್ಲ?" ಎಂದು ಕೇಳಿ ಸುಮ್ಮನಿದ್ದರೆ ಸಾಕಿತ್ತು. ನಾವು ಅದನ್ನು ಅಕ್ಕಿಯ ಗೋಪುರದಿಂದ ಮುಚ್ಚಿದೆವು. ಈಗ ನಾನು ಬೇಕೆಂದೇ ಆ ತಪ್ಪು ಶಂಕುವನ್ನು ಮೊದಲು ಕೊಡುತ್ತೇನೆ. ಮಕ್ಕಳು ಕಾರಣ ಹುಡುಕಿದ ಮೇಲೆ ಸರಿಯಾದದ್ದನ್ನು ಅವರೇ ಕತ್ತರಿಸುತ್ತಾರೆ: ಓರೆ ಎತ್ತರ 13.9 ಸೆಂ.ಮೀ., ಕತ್ತರಿಸುವ ತುಂಡಿನ ಕೋನ 129 ಡಿಗ್ರಿ. ಅಕ್ಕಿ ಕುಲುಕಿದರೆ ಕೂರುತ್ತದೆ, ಆದ್ದರಿಂದ ಎರಡು ಪಾತ್ರೆಯನ್ನೂ ಒಂದೇ ರೀತಿ ತುಂಬಬೇಕು, ಸ್ಕೇಲಿನಿಂದ ಮಟ್ಟ ಎಳೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಮಾದರಿ ರುಜುವಾತು ಅಲ್ಲ. ತ್ರಿಕೋನದ ಮೂರು ಮೂಲೆ ಹರಿದು ಒಂದೇ ಗೆರೆಯ ಮೇಲೆ ಜೋಡಿಸಿದರೆ 180 ಡಿಗ್ರಿ ಆದಂತೆ ಕಾಣುತ್ತದೆ. ಕಾಣುವುದು ಬೇರೆ, ಆಗಲೇಬೇಕು ಎಂಬುದು ಬೇರೆ. 179 ಆದರೂ ಕಾಗದದಲ್ಲಿ ಹಾಗೇ ಕಾಣುತ್ತದೆ. ಹರಿದು ಜೋಡಿಸಿದ ಮರುಕ್ಷಣವೇ ತುದಿಯ ಮೂಲಕ ಪಾದಕ್ಕೆ ಸಮಾಂತರವಾದ ಗೆರೆ ಎಳೆದು, ಎಲ್ಲ ತ್ರಿಕೋನಕ್ಕೂ ಏಕೆ ಹಾಗೆ ಎಂದು ಕೇಳಬೇಕು. ನಮ್ಮ ಊರು ಇನ್ನೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿದ್ದಾಗ, 1893ರಲ್ಲಿ, ಮದ್ರಾಸಿನ ಟಿ. ಸುಂದರ ರಾವ್ ಅವರು ಬರಿಯ ಕಾಗದ ಮಡಚಿ ರೇಖಾಗಣಿತ ಮಾಡುವ ಪುಸ್ತಕ ಪ್ರಕಟಿಸಿದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಗಮನಿಸಿ ಉಲ್ಲೇಖಿಸಿದ್ದರು. ಅಲ್ಲಿ ಮಡಿಕೆಯ ಬೆನ್ನಿಗೇ ಕಾರಣವೂ ಬರುತ್ತದೆ. ಕೈ ಮಾಡಿದ್ದಕ್ಕೆ ತಲೆ ಉತ್ತರ ಕೊಡುವ ಆ ಕ್ರಮವನ್ನು ಬಿಟ್ಟರೆ ಮಾದರಿ ಕರಕುಶಲದ ಪೀರಿಯಡ್ ಆಗಿಬಿಡುತ್ತದೆ.

ಮಾದರಿಯನ್ನು ಯಾವಾಗ ಕೈಯಿಂದ ತೆಗೆದುಕೊಳ್ಳಬೇಕು ಎಂದೂ ಕೇಳುತ್ತಾರೆ. ಮಗು ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಿನಿಂದ ಓರೆ ಎತ್ತರದ ಗೆರೆ ಎಳೆದು ತೋರಿಸಿದಾಗ. ಕೆಲವರಿಗೆ ಅದು ಎರಡು ದಿನ, ಕೆಲವರಿಗೆ ಎರಡು ವಾರ. ಪಾಠ ಮುಗಿಸುವ ಅವಸರ ನನಗೂ ಗೊತ್ತಿದೆ, ಫೆಬ್ರವರಿಯ ಮಾಡೆಲ್ ಪರೀಕ್ಷೆ ಯಾರಿಗೂ ಕಾಯುವುದಿಲ್ಲ. ಆದರೂ ಈ ಒಂದು ಪಾಠಕ್ಕೆ ಎರಡು ಪೀರಿಯಡ್ ಹೆಚ್ಚು ಕೊಟ್ಟವರು, ಮುಂದೆ ಶಂಕು, ಗೋಳದಲ್ಲಿ ಅದಕ್ಕಿಂತ ಹೆಚ್ಚು ಸಮಯ ಉಳಿಸಿದ್ದನ್ನು ನಾನು ನೋಡಿದ್ದೇನೆ.

ಹೋದ ತಿಂಗಳು ಪಕ್ಕದ ಶಾಲೆಯ ಹೊಸ ಟೀಚರ್ ಒಬ್ಬರು ಫೋನ್ ಮಾಡಿ, ನಿಮ್ಮ ಶಾಲೆಯ ಪಿರಮಿಡ್ ಒಂದು ದಿನಕ್ಕೆ ಕೊಡುತ್ತೀರಾ ಎಂದು ಕೇಳಿದರು. ಕೊಡಲು ನನ್ನಲ್ಲಿ ಪಿರಮಿಡ್ ಇರಲಿಲ್ಲ, ಮಕ್ಕಳು ಕಟ್ಟಿದ್ದೆಲ್ಲ ಬಿಚ್ಚಿಯಾಗಿತ್ತು. ಹಿಡಿಸೂಡಿಯ ಕಡ್ಡಿ ಒಂದು ಕಟ್ಟು, ನೂಲು, ಹುರಿ ಕಳಿಸುತ್ತೇನೆ ಎಂದೆ. ಕಡ್ಡಿ ಒಣಗಿದ್ದರೆ ಕತ್ತರಿಸುವಾಗ ಸೀಳುತ್ತದೆ, ಹಿಂದಿನ ರಾತ್ರಿ ನೀರಿನಲ್ಲಿ ಹಾಕಿಡಿ ಎಂದೂ ಹೇಳಿದೆ.